ಅವರ ಮಾಮೂಲು ಏರಿಳಿತ

ಸ್ವೀಡನ್ನಿನ ಲುಂಡ್‌ನಲ್ಲಿ ನಾನು ಮಾಡುತ್ತಿದ್ದ ಪಿಎಚ್‌ಡಿಯ ವಿಷಯ ತೆಗೆದರೆ ಸಾಕು, ನನ್ನ ಗಂಡ ಆಕಳಿಸುತ್ತಿದ್ದರು. ಹೃದಯಕ್ಕೆ ಪೆಟ್ಟಾದಾಗ ರಕ್ತದಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನ್ ಏರುತ್ತದೆ. ಗಟ್ಟಿಮುಟ್ಟಾದವರಲ್ಲೂ ಅದು ಚೂರು ಇದ್ದೇ ಇರುತ್ತದೆ, ವಾರದಿಂದ ವಾರಕ್ಕೆ ತುಸು ಏರಿಳಿಯುತ್ತದೆ. ಒಬ್ಬೊಬ್ಬರ ಮಾಮೂಲು ಒಂದೊಂದು ಥರ. ಎಲ್ಲಿಯವರೆಗೆ ಮಾಮೂಲು, ಎಲ್ಲಿಂದ ಅಪಾಯ? ಅದನ್ನು ಹುಡುಕುವುದೇ ನನ್ನ ಕೆಲಸ.

ರಕ್ತ ಕೊಡುವ ಆರೋಗ್ಯವಂತರು ಸಿಗುತ್ತಿಲ್ಲವೆಂದು ನಾನು ಗೊಣಗುತ್ತಿದ್ದಾಗ ಇವರೇ ತೋಳು ಚಾಚಿದರು. ಪ್ರತಿ ಮಂಗಳವಾರ ಸೈಕಲ್ ತುಳಿದು ಬಂದು ರಕ್ತ ಕೊಡುವುದು, ಆಮೇಲೆ ಫಿಕಾಗೆ, ಅಂದರೆ ಇಲ್ಲಿಯವರ ಕಾಫಿ ವಿರಾಮಕ್ಕೆ, ಕೂತು ಕಾಫಿಯ ಜೊತೆ ನನ್ನ ಪಾಲಿನ ದಾಲ್ಚಿನ್ನಿ ಬನ್ನನ್ನೂ ತಿಂದುಹಾಕುವುದು. ಫಲಿತಾಂಶ ಬಂದ ದಿನ ಕೇಳಿದರು:

"ನನ್ ಹಾರ್ಟ್ ಹೇಗಿದೆ ಕಣೇ?"

"ಎಮ್ಮೆ ಥರ ಇದೆ ರೀ. ಅಲ್ಲಾಡೋದೇ ಇಲ್ಲ."

ನಿಜವೇ. ನಕ್ಷೆಯಲ್ಲಿ ಎಲ್ಲರಿಗಿಂತ ಕೆಳಗೆ, ಹೆಚ್ಚುಕಮ್ಮಿ ನೆಟ್ಟಗೆ ಸಾಗಿದ್ದ ಗೆರೆ ಅವರದು.

ಮರುವರ್ಷ ಒಂದು ಭಾನುವಾರ ಎದೆ ಹಿಂಡುತ್ತಿದೆ ಎಂದರು. ಎಮರ್ಜೆನ್ಸಿಗೆ ಓಡಿದೆವು. ಇಸಿಜಿ ಸರಿಯಿತ್ತು. ಮೊದಲ ಟ್ರೋಪೋನಿನ್ ನೋಡಿ ಡಾಕ್ಟರಮ್ಮ, "ಮಿತಿಯೊಳಗೇ ಇದೆ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ ನೋಡೋಣ" ಎಂದಳು. ಎಷ್ಟಿದೆ ಎಂದು ಕೇಳಿದೆ. ಅಂಕಿ ಹೇಳಿದಳು. ಲೋಕಕ್ಕೆಲ್ಲ ಅದು ಮಾಮೂಲು, ಇವರಿಗಲ್ಲ.

"ಇವರ ರಕ್ತ ನಾನು ಅಳೆದಿದ್ದೇನೆ. ಇದು ಇವರ ಮಾಮೂಲಿನ ಮೂರು ಪಟ್ಟು" ಎಂದೆ. ಪುಣ್ಯಾತ್ಗಿತ್ತಿ, ನಂಬಿದಳು. ತಕ್ಷಣ ಮಾನಿಟರ್ ಹಾಕಿಸಿ ಹೃದ್ರೋಗ ತಜ್ಞರನ್ನು ಕರೆಸಿದಳು.

"ಏರಿಳಿತ ಸಹಜ ಅಂತ ಇಷ್ಟು ವರ್ಷ ತಲೆ ತಿಂದೆ. ಈಗ ನೀನೇ ಹೆದರ್ತೀಯಲ್ಲೇ" ಎಂದು ಇವರು ನಕ್ಕರು.

"ಸುಮ್ನೆ ಮಲ್ಕೊಳ್ರೀ, ಮಾತಾಡ್ಬೇಡಿ!" ಎಂದು ಗದರಿದೆ. ಅವರ ಕಿವಿಗೆ ಬಿದ್ದ ನನ್ನ ಕೊನೆಯ ಮಾತು ಅದು. ಎರಡನೆಯ ಸಲ ರಕ್ತ ತೆಗೆಯುವ ಮುಂಚೆಯೇ ಹೃದಯ ನಿಂತಿತು. ಎದೆ ಎಷ್ಟು ಒತ್ತಿದರೂ ಮತ್ತೆ ಬಡಿಯಲಿಲ್ಲ. ಎಲ್ಲರಿಗಿಂತ ಮೊದಲು ತಿಳಿದದ್ದು ನನಗೆ. ತಿಳಿದು ಏನು ಕಡಿದು ಗುಡ್ಡೆ ಹಾಕಿದೆ!

ಆರೋಗ್ಯವಂತರ ನಕ್ಷೆಯಿಂದ ಅವರ ಗೆರೆಯನ್ನು ತೆಗೆದುಬಿಡೋಣವೇ ಎಂದು ನನ್ನ ಗೈಡ್ ಮೆತ್ತಗೆ ಕೇಳಿದರು. ಮೈಯೆಲ್ಲ ಉರಿಯಿತು. "ರಕ್ತ ಕೊಟ್ಟಾಗ ಅವರು ಚೆನ್ನಾಗೇ ಇದ್ದರು" ಎಂದೆ. ಗೆರೆ ಉಳಿಯಿತು.

ಹೋದ ತಿಂಗಳು ಸೆಮಿನಾರಿನಲ್ಲಿ ಆ ನಕ್ಷೆ ತೋರಿಸಿದೆ. ಹೊಸದಾಗಿ ಸೇರಿದ ವಿದ್ಯಾರ್ಥಿನಿಯೊಬ್ಬಳು ಕೆಳಗಿನ ಗೆರೆಯನ್ನು ತೋರಿಸಿ, "ಎಷ್ಟು ಸ್ಥಿರವಾಗಿದೆ! ಇವರನ್ನು ಇನ್ನೊಂದು ವರ್ಷ ಕರೆಸಬಹುದಲ್ಲ?" ಎಂದಳು.

"ಅವರು ಬರುವ ಹಾಗಿಲ್ಲ" ಎಂದೆ.

ಈಗ ಮಂಗಳವಾರ ನನ್ನ ಬನ್ನು ನನಗೇ ಉಳಿಯುತ್ತದೆ.