ಗಿರಣಿ ಶೆಡ್ಡಿನ ಜಪಾನ್ ಕಾರು

ನನ್ನ ತಮ್ಮ ಆ ಕೆಂಪು ಕಾರನ್ನ ತಂದು ನನ್ನ ಗಿರಣಿ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ, "ಅಕ್ಕಾ, ಎರಡೇ ವರ್ಷ ಇಲ್ಲಿರ್ಲಿ, ದುಬೈಯಿಂದ ಬಂದ ತಕ್ಷಣ ಎತ್ಕೊಂಡು ಹೋಗ್ತೀನಿ" ಅಂದ. ಆಯ್ತು ಕಣೋ ಅಂದೆ. ಎರಡು ಅನ್ನೋದು ಹನ್ನೊಂದಾಯ್ತು.

ನನ್ನದು ತರೀಕೆರೆಯಲ್ಲಿ ಒಂದು ಹಿಟ್ಟಿನ ಗಿರಣಿ. ಯಜಮಾನ್ರು ತೀರಿಕೊಂಡ ಮೇಲೆ ಅದು ನನ್ನ ಕೈಗೆ ಬಂತು. ಆಗ ನನಗೆ ಗಿರಣಿ ಮೋಟಾರಿಗೆ ಬೆಲ್ಟ್ ಹಾಕೋಕೂ ಬರ್ತಿರಲಿಲ್ಲ. ಕಾಫಿ ತೋಟದ ಸಾಹುಕಾರರೊಬ್ಬರ ಹತ್ರ ಮೆಕ್ಯಾನಿಕ್ ಆಗಿದ್ದ ತಮ್ಮ ಕೆಲಸಕ್ಕೆ ರಜೆ ಹಾಕಿ ಬಂದು ಒಂದು ವರ್ಷ ನನ್ನ ಜೊತೆ ನಿಂತ. ಸವೆದ ಬೀಸೋ ಕಲ್ಲನ್ನ ಕೊಚ್ಚಿ ಹರಿತ ಮಾಡೋದು, ಮೋಟಾರು ಬಿಸಿ ಆಯ್ತಾ ಅಂತ ಮುಟ್ಟಿ ನೋಡೋದು, ಎಲ್ಲಾ ಅವನೇ ಕಲಿಸಿದ್ದು. ಹಾಗಾಗಿ ಅವನು ಏನು ಕೇಳಿದ್ರೂ ಹೂಂ ಅನ್ನೋದು ನನಗೆ ಋಣದ ಮಾತಾಗಿತ್ತು.

ಕಾರು ಆ ಸಾಹುಕಾರರದ್ದೇ. ಗುಡ್ಡದ ದಾರೀಲಿ ರೇಸ್ ಓಡ್ಸೋಕೆ ಅಂತ ಅವರು ತರಿಸ್ಕೊಂಡಿದ್ದಂತೆ. ವಯಸ್ಸಾಗಿ ಓಡಿಸೋಕೆ ಆಗದೆ ಹೋದಾಗ ಇವನಿಗೇ ಕೊಟ್ಟುಬಿಟ್ಟರು. ಜಪಾನಿನದು, ಎರಡೇ ಬಾಗಿಲು, ನೆಲಕ್ಕೆ ಅಂಟ್ಕೊಂಡಂಗೆ ಇತ್ತು. ಸ್ವಿಚ್ ಒತ್ತಿದ್ರೆ ಮುಂದಿನ ದೀಪ ಎರಡೂ ಕಣ್ಣು ಬಿಟ್ಟಂಗೆ ಮೇಲೇಳೋವು. ನನಗೆ ಅದನ್ನ ಕಂಡ್ರೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಆದ್ರೆ ಶೆಡ್ಡು ನನಗೆ ಬೇಕಿತ್ತು.

ಯಾಕೆ ಅಂದ್ರೆ ಖಾರದ ಪುಡಿ ಮೆಷಿನ್ನು. ಬೇಸಿಗೆ ಬಂದ್ರೆ ಮನೆಮನೆಯವರೂ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ಒಣಗಿಸಿ ಪುಡಿ ಮಾಡಿಸೋಕೆ ಬರ್ತಾರೆ. ಆ ಮೆಷಿನ್ನನ್ನ ರಾಗಿ ಕಲ್ಲಿನ ಪಕ್ಕ ಇಡೋ ಹಂಗಿಲ್ಲ, ಘಾಟು ಹಿಟ್ಟಿಗೆ ಹತ್ತುತ್ತೆ, ಮಗು ಬಾಯಿಗೆ ಅಂಬಲಿ ಇಟ್ರೆ ಅಳುತ್ತೆ. ಬೇರೆ ಜಾಗವೇ ಬೇಕು. ನನಗಿದ್ದ ಬೇರೆ ಜಾಗದಲ್ಲಿ ಕಾರು ಮಲಗಿತ್ತು. ಪ್ರತಿ ಬೇಸಿಗೇಲೂ ನನ್ನ ಗಿರಾಕಿಗಳಿಗೆ ನಾನೇ ಕೈ ತೋರಿಸಿ ಎದುರು ಬೀದಿಯ ಗಿರಣಿಗೆ ಕಳಿಸ್ತಿದ್ದೆ. ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳ್ಲಿ.

"ಕಾರು ತಗೊಂಡು ಹೋಗಪ್ಪಾ" ಅಂತ ತಮ್ಮನಿಗೆ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ ಅಂತ ನೀವು ಕೇಳಬಹುದು. ಮೊದಲು ಋಣಕ್ಕೆ ಹೇಳಲಿಲ್ಲ. ಆಮೇಲೆ ಹೇಳೋ ಹಂಗೇ ಇರಲಿಲ್ಲ. ಯಾಕಂದ್ರೆ ಅಷ್ಟು ಹೊತ್ತಿಗೆ ಕಾರಿನ ಅರ್ಧ ಸಾಮಾನು ನಾನು ಊರಿಗೆ ಹಂಚಿಬಿಟ್ಟಿದ್ದೆ.

ಗಿರಣಿಗೆ ಬಂದವರು ರಾಗಿ ಬೀಸೋವರೆಗೆ ಸುಮ್ಮನೆ ನಿಂತಿರ್ತಾರಾ? ಶೆಡ್ಡಿನೊಳಗೆ ಇಣುಕ್ತಾರೆ. ಸಿಂಗಟಗೆರೆಯಿಂದ ನಮ್ಮ ಯಜಮಾನ್ರ ಕಡೆಯ ನೆಂಟರೊಬ್ಬರು ಬಂದಿದ್ರು, ತೆಂಗಿನ ತೋಟದವರು. ಅವರ ಡೀಸೆಲ್ ಎಂಜಿನ್ನಿನ ರೇಡಿಯೇಟರ್ ಸೋರ್ತಿತ್ತು. "ಏನಮ್ಮಾ, ಇದು ಸುಮ್ನೆ ನಿಂತಿರೋದು ತಾನೇ? ಎರಡು ವಾರಕ್ಕೆ ಇದರ ರೇಡಿಯೇಟರ್ ಕೊಡು, ಹೊಸದು ತಂದ್ಮೇಲೆ ವಾಪಸ್ ಹಾಕಿಸ್ತೀನಿ" ಅಂದ್ರು. ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. ಅದು ಹೋಯ್ತು. ಆಮೇಲೆ ಅಜ್ಜಂಪುರದಲ್ಲಿ ಕ್ಷೌರದಂಗಡಿ ಇಟ್ಟವನೊಬ್ಬ, ನಮ್ಮ ಬೀದಿಯ ಅಳಿಯ, ಎರಡು ಸೀಟೂ ಕೇಳಿದ. ಹಿಂದಕ್ಕೆ ಒರಗುತ್ತೆ, ಗಡ್ಡ ಹೆರೆಯೋಕೆ ಅನುಕೂಲ ಅಂತ. ಕೊಟ್ಟೆ. ನಮ್ಮ ಬೀದಿ ದೇವಸ್ಥಾನದ ಅರ್ಚಕರು ಮಂಗಳಾರತಿ ಹೊತ್ತಿಗೆ ತಾನೇ ಗಂಟೆ ಬಾರಿಸೋ ಯಂತ್ರ ಮಾಡಿಸ್ತಿದ್ರು, ಅದಕ್ಕೆ ವೈಪರಿನ ಮೋಟಾರು ಬೇಕು ಅಂದ್ರು. ದೇವರಿಗೇ ಇಲ್ಲ ಅನ್ನೋಕಾಗುತ್ತಾ? ಬ್ಯಾಟರಿ, ಜಾಕು, ಹಿಂದಿನ ಎರಡು ಚಕ್ರ, ಅವೆಲ್ಲಾ ಯಾರ್ಯಾರ ಕೈಗೆ ಹೋದವೋ ನೆನಪೂ ಇಲ್ಲ. ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ಜಾಗ ಇಲ್ಲ ಅಂತ ನಮ್ಮವ್ವ ಬಡ್ಕೋತಿದ್ಲು. ನಾನು ಕೇಳಿದ್ರೆ ತಾನೇ.

ತಮ್ಮ ಮೂರನೇ ವರ್ಷ ಒಂದ್ಸಲ ಬಂದು ಹೋಗಿದ್ದ, ಆಗ ಕಾರು ಪೂರ್ತಿ ಇತ್ತು. ಆಮೇಲೆ ಹೆಂಡ್ತಿ ಮಕ್ಕಳನ್ನ ಅಲ್ಲಿಗೇ ಕರೆಸ್ಕೊಂಡ. ಒಂದ್ಸಲ ಕೊರೋನ ಅಂದ, ಒಂದ್ಸಲ ರಜೆ ಸಿಗಲಿಲ್ಲ ಅಂದ. ಆದ್ರೆ ಪ್ರತಿ ಶುಕ್ರವಾರ ವಿಡಿಯೋ ಕಾಲ್ ತಪ್ಪಿಸ್ತಿರಲಿಲ್ಲ. ನನ್ನ ಬಿಪಿ ಮಾತ್ರೆ, ಮೋಟಾರಿನ ಸದ್ದು, ಎಲ್ಲಾ ವಿಚಾರಿಸಿ ಕೊನೆಗೆ "ಕಾರ್ ತೋರ್ಸು ಅಕ್ಕಾ" ಅನ್ನೋನು. ನಾನು ಟಾರ್ಪಾಲಿನ ಒಂದು ಮೂಲೆ ಎತ್ತಿ ಬಾನೆಟ್ಟು ಮಾತ್ರ ತೋರಿಸ್ತಿದ್ದೆ. ಒಳಗೆ ತೋರ್ಸು ಅಂದ್ರೆ "ಇಲ್ಲಿ ನೆಟ್ವರ್ಕ್ ಸಿಗಲ್ಲ ಕಣೋ" ಅಂತ ಕಟ್ ಮಾಡೋದು. ಶುಕ್ರವಾರ ಬಂತು ಅಂದ್ರೆ ಬೆಳಿಗ್ಗೆಯೇ ಹೋಗಿ ಟಾರ್ಪಾಲು ಬಿಗಿಯಾಗಿ ಕಟ್ಟಿ ಬರ್ತಿದ್ದೆ. ಸ್ವಂತ ಶೆಡ್ಡಿನಲ್ಲಿ ನಾನೇ ಕಳ್ಳಿ ಆಗಿದ್ದೆ.

ಕಳೆದ ವರ್ಷ ಮುಂಗಾರು ಶುರುವಾಗೋ ಹೊತ್ತಿಗೆ ಅವನು, "ದೀಪಾವಳಿಗೆ ಬರ್ತೀನಿ ಅಕ್ಕಾ, ಈ ಸಲ ಕಾರಿಗೊಂದು ವ್ಯವಸ್ಥೆ ಮಾಡ್ತೀನಿ" ಅಂದ. ಖುಷಿಗೆ ಕುಣೀಬೇಕು ನಾನು. ಶೆಡ್ಡು ಖಾಲಿಯಾಗುತ್ತೆ, ಮುಂದಿನ ಬೇಸಿಗೆಗೆ ಖಾರದ ಮೆಷಿನ್ನು ಬರುತ್ತೆ. ಆದ್ರೆ ಕೊಡೋಕೆ ಕಾರೆಲ್ಲಿದೆ? ಅವನು ಬರೋಷ್ಟರಲ್ಲಿ ಅದನ್ನ ಮತ್ತೆ ಕಾರು ಮಾಡಬೇಕು, ಇಲ್ಲಾಂದ್ರೆ ನನ್ನ ಮುಖಕ್ಕೆ ಮಸಿ.

ಕಡೂರಲ್ಲಿ ಒಬ್ಬ ಹಳೇ ಮೆಕ್ಯಾನಿಕ್ ಇದ್ರು, ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಅಂದೆ. ಕರೆಸಿದೆ. ಟಾರ್ಪಾಲು ತೆಗೆದು ಒಂದು ಸುತ್ತು ಬಂದು, ಟೋಪಿ ತೆಗೆದು ತಲೆ ಕೆರ್ಕೊಂಡು, "ಅಮ್ಮಾ, ಇದು ಕಾರಲ್ಲ, ಕಾರಿನ ಡಬ್ಬ" ಅಂದ್ರು. ಇಲಿಗಳು ವೈರೆಲ್ಲಾ ತಿಂದು ಬಾಣಂತನ ಮಾಡಿದ್ವು. ಹನ್ನೊಂದು ವರ್ಷದ ಹಿಟ್ಟಿನ ಧೂಳು ತೇವಕ್ಕೆ ಗಟ್ಟಿಯಾಗಿ ಎಂಜಿನ್ನಿನ ಮೇಲೆ ರೊಟ್ಟಿ ಕಟ್ಟಿತ್ತು. ಚಾಚಾ ಪ್ಲಗ್ಗು ಬಿಚ್ಚಿ ಆ ತೂತಿಗೆ ಎಣ್ಣೆ ಬಿಟ್ಟು, "ಒಂದು ವಾರ ನೆನೀಲಿ, ಆಮೇಲೆ ತಿರುಗುತ್ತೋ ಇಲ್ವೋ ನೋಡಾಣ" ಅಂತ ಹೋದ್ರು. ಆ ವಾರ ನಾನು ಹೊತ್ತುಕೊಳ್ಳದ ಹರಕೆ ಇಲ್ಲ. ಎಂಜಿನ್ನು ತಿರುಗಿತು.

ವಾಟರ್ ಪಂಪು ಹೋಗಿತ್ತು. ಆ ಕಾಲದ ಒಂದು ವ್ಯಾನಿಂದು ಇದಕ್ಕೆ ಕೂರುತ್ತೆ ಅಂತ ಚಾಚಾಗೆ ಗೊತ್ತಿತ್ತು, ಯಾವುದೋ ಗುಜರಿಯಲ್ಲಿ ಹುಡುಕಿ ತಂದ್ರು. ಗ್ಯಾಸ್ಕೆಟ್ಟು ಕೈಯಲ್ಲೇ ಕತ್ತರಿಸಿದ್ರು. ಕಾರ್ಬುರೇಟರಿನೊಳಗಿನ ತೆಳು ರಬ್ಬರಿನ ಹಾಳೆ ಮಾತ್ರ ಎಲ್ಲೂ ಸಿಗಲಿಲ್ಲ. "ನಿಮ್ ತಮ್ಮ ದುಬೈ ಗ್ಯಾರೇಜಲ್ಲೇ ಇದಾನಲ್ಲ, ಅಲ್ಲಿ ಜಪಾನ್ ಸಾಮಾನು ದಂಡಿಯಾಗಿ ಸಿಗುತ್ತೆ. ಒಂದು ಫೋನ್ ಮಾಡಿ" ಅಂದ್ರು ಚಾಚಾ. ಪ್ರಪಂಚದಲ್ಲಿ ಯಾರನ್ನ ಕೇಳಿದ್ರೆ ಒಂದು ವಾರದಲ್ಲಿ ಬರ್ತಿತ್ತೋ ಅವನನ್ನೇ ನಾನು ಕೇಳೋ ಹಂಗಿರಲಿಲ್ಲ. ಚಾಚಾಗೆ ನಿಜ ಹೇಳ್ದೆ. ಅವರು ನಗಲಿಲ್ಲ. ಮೂರು ಥರದ ರಬ್ಬರು ಕತ್ತರಿಸಿ ಪೆಟ್ರೋಲಿನಲ್ಲಿ ಅದ್ದಿಟ್ರು. ಎರಡು ಉಬ್ಬಿ ಹಾಳಾದವು, ಒಂದು ತಡ್ಕೊಂಡಿತು.

ಇಲ್ಲದ ಸಾಮಾನು ಹೊಂದಿಸೋದು ಅವರ ಪಾಲು, ಕೊಟ್ಟಿದ್ದನ್ನ ವಾಪಸ್ ಕೇಳೋದು ನನ್ನ ಪಾಲು. ನಂದೇ ಕಷ್ಟದ್ದು. ಗಿರಣಿಗೆ ಬೀಗ ಹಾಕಿ ಕಡೂರಿಗೆ ಹೋಗಿ, ಬಸ್ಸು ಬದಲಾಯಿಸಿ ಸಿಂಗಟಗೆರೆಗೆ ಹೋದೆ. ದಾರಿಯುದ್ದಕ್ಕೂ ಮಾತು ಕಟ್ಕೊಂಡಿದ್ದೆ. ಬಾಗಿಲಲ್ಲೇ ನೆಂಟರ ಹೆಂಡ್ತಿ, "ಅಯ್ಯೋ ಅಕ್ಕಾ, ಎಷ್ಟು ವರ್ಷ ಆಯ್ತು ನಮ್ಮನೆ ಕಡೆ ಬಂದು" ಅಂತ ಕೈ ಹಿಡ್ಕೊಂಡ್ಲು. ಕಾಫಿ ಆಯ್ತು. ಊಟ ಆಯ್ತು. ತೋಟದ ಕಡೆಯಿಂದ ಡೀಸೆಲ್ ಎಂಜಿನ್ನಿನ ಸದ್ದು ಕೇಳ್ತಾನೇ ಇತ್ತು, ನನ್ನ ರೇಡಿಯೇಟರ್ ಅಲ್ಲಿ ಬೆವರ್ತಾ ಇತ್ತು. ಈಗ ಕೇಳ್ತೀನಿ, ಈಗ ಕೇಳ್ತೀನಿ ಅಂತ ಕೂತಿದ್ದೆ. ನಾನು ವಿಧವೆ, ಕೆಲವು ಮನೇಲಿ ನನಗೆ ಎಲೆ ಅಡಿಕೆ ಕೊಡೋಕೂ ಹಿಂದೆಮುಂದೆ ನೋಡ್ತಾರೆ. ಈ ಹೆಣ್ಣುಮಗಳು ಹೊರಡೋವಾಗ ಮಣೆ ಹಾಕಿ ಕೂರಿಸಿ, ರವಿಕೆ ಬಟ್ಟೆ, ನಾಲ್ಕು ತೆಂಗಿನಕಾಯಿ ಮಡಿಲಿಗೆ ಹಾಕಿದ್ಲು. ಅಂಥವಳ ಮುಂದೆ ನಿಂತು ಕೊಟ್ಟಿದ್ದನ್ನ ವಾಪಸ್ ಕೊಡಿ ಅಂತ ಯಾವ ಬಾಯಲ್ಲಿ ಕೇಳ್ಲಿ? ತೆಂಗಿನಕಾಯಿ ಹೊತ್ಕೊಂಡು ಬಸ್ ಹತ್ತಿದೆ. ನನ್ನ ಮೇಲೆ ನನಗೇ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಎರಡನೇ ಸಲ ಚಾಚಾನ ಕರ್ಕೊಂಡು ಹೋದೆ. ಜೊತೆಗೆ ಅವರ ಎಂಜಿನ್ನಿಗೆ ಸರಿಹೋಗೋ ಇನ್ನೊಂದು ರೇಡಿಯೇಟರ್ ತಗೊಂಡೇ ಹೋದ್ವಿ. ಚಾಚಾ ಅಂಗಳದಲ್ಲೇ ನಿಂತು ನೆಟ್ಟಗೆ ಕೇಳಿದ್ರು. ನೆಂಟರು, "ಅರೆ, ಅದು ನಿಮ್ದು ಅನ್ನೋದೇ ಮರ್ತೋಗಿತ್ತು, ಬಿಚ್ಕೊಳ್ಳಿ" ಅಂದ್ರು. ಅಷ್ಟೇ. ಎಲ್ಲರಿಗೂ ಅದು ಅಷ್ಟೇ ಆಗಿತ್ತು, ನನಗೊಬ್ಬಳಿಗೇ ಗಂಟಲಲ್ಲಿ ಸಿಕ್ಕ ಮುಳ್ಳು.

ಅಜ್ಜಂಪುರದಲ್ಲಿ ನಾವು ಹೋದಾಗ ಒಂದು ಸೀಟಿನಲ್ಲಿ ಮುಖಕ್ಕೆಲ್ಲ ನೊರೆ ಹಚ್ಚಿಸ್ಕೊಂಡ ಯಜಮಾನರೊಬ್ಬರು ಒರಗಿದ್ರು. ಅವರ ಗಡ್ಡ ಮುಗಿಯೋವರೆಗೂ ಕಾಯ್ದು ಸೀಟು ಬಿಚ್ಚಿಸಿದೆ. ಅದರ ಬದಲಿಗೆ ಕುರ್ಚಿ ಕೊಡಿಸಿದ್ರೂ ಆ ಅಳಿಯನ ಮುಖ ಸಪ್ಪಗೇ ಇತ್ತು. ಅರ್ಚಕರನ್ನ ಮಾತ್ರ ನಾನು ಕೇಳಲೇ ಇಲ್ಲ. ಚಾಚಾ ವಾಟರ್ ಪಂಪು ಸಿಕ್ಕ ಆ ವ್ಯಾನಿನ ವೈಪರ್ ಮೋಟಾರನ್ನೇ ಹೇಗೋ ಕೂರಿಸಿದ್ರು. ಬ್ಯಾಟರಿ, ಹಿಂದಿನ ಚಕ್ರ ದುಡ್ಡು ಕೊಟ್ಟು ಹೊಸದಾಗೇ ತಂದ್ವಿ.

ದೀಪಾವಳಿಗೆ ಹದಿನೈದು ದಿನ ಇದೆ ಅನ್ನೋವಾಗ ಕಾರು ಶುರುವಾಯ್ತು. ಕೆಮ್ಮಿ ಕೆಮ್ಮಿ, ಶೆಡ್ಡಿನ ತುಂಬಾ ಹೊಗೆ ಬಿಟ್ಟು, ಕೊನೆಗೆ ಒಂದೇ ಸಮ ಉಸಿರಾಡ್ತು. ಸೀಟಿನ ಸಂದಿಯಿಂದ ಹಳೇ ಕೂದಲು ಹಾರಿ ಚಾಚಾ ಗಡ್ಡಕ್ಕೆ ಮೆತ್ಕೊಂಡ್ತು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಚಾಚಾ ಆ ಕಡೆ ತಿರುಗಿ ಸ್ಪ್ಯಾನರ್ ಒರೆಸ್ತಾ ನಿಂತ್ರು.

ತಮ್ಮ ಬಂದ. ಬ್ಯಾಗು ಇಳಿಸೋಕೂ ಮುಂಚೆ ಶೆಡ್ಡಿಗೆ ಹೋಗಿ ಬಾನೆಟ್ ಎತ್ತಿದ. ನೋಡ್ದ. ಎರಡು ನಿಮಿಷ ಆಗಿರಲಿಲ್ಲ, "ಯಾರಕ್ಕಾ ಇದನ್ನ ಬಿಚ್ಚಿದ್ದು?" ಅಂದ. ಮೆಕ್ಯಾನಿಕ್ಕಿನ ಕಣ್ಣು, ಏಮಾರಿಸೋಕಾಗುತ್ತಾ. ನಾನು ಎಲ್ಲಾ ಹೇಳ್ದೆ. ರೇಡಿಯೇಟರ್, ಸೀಟು, ದೇವಸ್ಥಾನ, ಐದು ತಿಂಗಳ ಓಡಾಟ, ನೆಟ್ವರ್ಕಿನ ಸುಳ್ಳು. ಅವನು ಬೈಯಲಿಲ್ಲ. ಹೊಟ್ಟೆ ಹಿಡ್ಕೊಂಡು ನಕ್ಕ. "ನಿನ್ನ ಹತ್ರ ಇಟ್ರೆ ಇನ್ನೇನಾಗುತ್ತೆ? ನಿನಗೆ ಇಲ್ಲ ಅನ್ನೋಕೆ ಬರಲ್ಲ ಅಂತ ಊರಿಗೇ ಗೊತ್ತು" ಅಂದ. ಅಲ್ಲೇ ನಿಂತು ಹೆಂಡ್ತಿಗೆ ಫೋನ್ ಮಾಡಿ ಕ್ಷೌರದಂಗಡಿಯ ಕತೆ ಹೇಳಿ ಇಬ್ಬರೂ ನಕ್ಕರು. ನಾನೂ ನಕ್ಕೆ. ಆದ್ರೆ ಇಷ್ಟು ವರ್ಷ ಅವನು ನಗೋ ವಿಷಯಕ್ಕೆ ನಾನು ಸತ್ತು ಸತ್ತು ಬದುಕಿದ್ದೆ.

ಹಬ್ಬದ ಮಾರನೇ ದಿನ ನನ್ನನ್ನ ಕೂರಿಸ್ಕೊಂಡು ಅಜ್ಜಂಪುರದ ತನಕ ಹೋಗಿ ಬಂದ. ಎಮ್ಮೆಗಳ ಹೊಟ್ಟೆ ನನ್ನ ಕಣ್ಣಿನ ಮಟ್ಟಕ್ಕೆ ಕಾಣ್ತಿತ್ತು. ನನ್ನ ಕಡೆ ಬಾಗಿಲಿನ ಒಳಗಿನ ಹಿಡಿ ಕೆಲಸ ಮಾಡ್ತಿರಲಿಲ್ಲ, ನಿಲ್ಲಿಸಿದಾಗೆಲ್ಲ ಅವನು ಸುತ್ತಿ ಬಂದು ತೆಗೆಯೋವರೆಗೂ ಕೂತಿರಬೇಕು. ಅವನು ಮಾತ್ರ ಇಪ್ಪತ್ತು ವರ್ಷದ ಹುಡುಗನಾಗಿದ್ದ. ಹಾಡು ಬೇರೆ.

ಅವನು ದುಬೈಗೆ ಹೊರಡೋಕೆ ವಾರ ಇತ್ತು. ತಿಂಡಿ ತಿಂತಾ, ತಟ್ಟೆ ಮೇಲಿನ ಕಣ್ಣು ಎತ್ತದೇನೇ, "ಕಾರಿನ ವ್ಯವಸ್ಥೆ ಆಯ್ತಲ್ಲ ಅಕ್ಕಾ. ಚಾಚಾ ತಿಂಗಳಿಗೊಂದ್ಸಲ ಬಂದು ಸ್ಟಾರ್ಟ್ ಮಾಡ್ತಾರಂತೆ, ಮಾತಾಡಿದೀನಿ. ಇನ್ನೊಂದು ಐದು ವರ್ಷ ಇಲ್ಲೇ ಇರ್ಲಿ. ನಿನ್ನ ಬಿಟ್ರೆ ಇನ್ಯಾರು ಇಟ್ಕೋತಾರೆ" ಅಂದ. ದೋಸೆ ಮುರಿದು ಚಟ್ನಿಗೆ ಅದ್ದಿದ.

"ಇಲ್ಲ ಕಣೋ" ಅಂದೆ.

ತಮಾಷೆ ಅಂದ್ಕೊಂಡು ನಕ್ಕ. "ಇಲ್ಲ. ಶೆಡ್ಡು ನನಗೆ ಬೇಕು. ಹನ್ನೊಂದು ವರ್ಷದಿಂದ ಬೇಕಿತ್ತು" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವನು ಎರಡು ಸಲ ನನ್ನ ಮುಖ ನೋಡ್ದ. ನನ್ನ ಕಷ್ಟಕಾಲದಲ್ಲಿ ಯಾರು ಜೊತೆ ನಿಂತಿದ್ರು, ಗಿರಣಿ ಕೆಲಸ ಯಾರು ಕಲಿಸಿದ್ರು ಅಂತ ಅವನು ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದಿದ್ರೆ ಜಗಳ ಆಡಿ ಹಗುರಾಗ್ತಿದ್ದೆ. ಎದ್ದು ತಟ್ಟೆ ತೊಳೆದಿಟ್ಟು ಹೋದ. ನಾಲ್ಕು ದಿನದೊಳಗೆ ಹಾಸನದ ಕಡೆಯವರ್ಯಾರೋ ಬಂದು ಕಾರು ಕೊಂಡ್ಕೊಂಡು ಓಡಿಸ್ಕೊಂಡು ಹೋದ್ರು. ಅದು ತಿರುವು ದಾಟೋವರೆಗೂ ಅವನು ಬೀದೀಲಿ ನಿಂತಿದ್ದ. ನಾನು ಗಿರಣಿ ಒಳಗಿದ್ದೆ, ಯಾರದೋ ಗೋಧಿ ಹಾಕ್ಕೊಂಡು, ಆಚೆ ಬರಲಿಲ್ಲ.

ಖಾರದ ಮೆಷಿನ್ನು ಈ ಬೇಸಿಗೆಗೆ ಬಂತು, ಕೆಲಸಕ್ಕೇನೂ ಬರ ಇಲ್ಲ. ಶುಕ್ರವಾರದ ಕಾಲ್ ಮಾತ್ರ ನಿಂತುಹೋಗಿದೆ. ಹಬ್ಬಕ್ಕೆ ಅವನು ಎಲ್ಲರಿಗೂ ಕಳಿಸೋ ಹೂವಿನ ಫೋಟೋ ನನಗೂ ಬರುತ್ತೆ. ನಾನು ಫೋನ್ ಮಾಡಿದ್ರೆ ಎತ್ತುತ್ತಾನೆ, ಡ್ಯೂಟೀಲಿದೀನಿ ಅಕ್ಕಾ ಅಂತಾನೆ. ಚಾಚಾ, "ಕೋಪ ಇಳಿಯುತ್ತೆ ಬಿಡಿ ಅಮ್ಮಾ, ಒಡಹುಟ್ಟಿದವರು" ಅಂತಾರೆ. ಇಳೀಬಹುದು. ನಾನು ತಪ್ಪು ಮಾಡ್ದೆ ಅಂತ ನನಗನ್ನಿಸಲ್ಲ. ಆದ್ರೆ ರೇಡಿಯೇಟರ್ ಕೇಳಿದವರಿಗೆ, ಸೀಟು ಕೇಳಿದವನಿಗೆ, ಮುಖವೂ ನೆನಪಿಲ್ಲದ, ಜಾಕು ಎತ್ಕೊಂಡು ಹೋದವನಿಗೂ ಹೂಂ ಅಂದವಳು ನಾನು. ಜೀವಮಾನದಲ್ಲಿ ಒಬ್ಬನಿಗೇ ಇಲ್ಲ ಅಂದಿದ್ದು, ಅದೂ ಬೆಲ್ಟ್ ಹಾಕೋದು ಕಲಿಸಿದವನಿಗೆ.