ಕರಡಿಗೆಯ ಮೇಲಿನ ಬಸವಣ್ಣ

ನಮ್ಮ ಅತ್ತೆಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅಂದರೆ ಇಷ್ಟಲಿಂಗ ಇಡುವ ಪುಟ್ಟ ಡಬ್ಬಿ, ಇರುತ್ತಿತ್ತು. ಹಳಿಯಾಳದ ತವರಿನಲ್ಲಿ ತಾಯಿ ತಮ್ಮ ಕೊರಳಿನಿಂದ ತೆಗೆದು ಕೊಟ್ಟದ್ದು. ಮುಚ್ಚಳದ ಮೇಲೆ ಕೂತ ಬಸವಣ್ಣನ, ಅದೇ ನಂದಿಯ, ಕೆತ್ತನೆ ಇದೆ ಎನ್ನುತ್ತಿದ್ದರು. ಕಳೆದ ಶ್ರಾವಣದಲ್ಲಿ ಉಳವಿಯ ಗುಡಿಗೆ ಹೋಗಿ ಅದನ್ನು ನನ್ನ ಮಗಳ ಕೊರಳಿಗೆ ಹಾಕಬೇಕೆಂದು ಅವರಿಗೆ ಆಸೆಯಿತ್ತು. ಆದರೆ ಕರಡಿಗೆ ಕಪ್ಪಾಗಿತ್ತು. ಸೋಮವಾರಕ್ಕೊಮ್ಮೆ ವಿಭೂತಿ ಹಚ್ಚಿ ಅರಿವೆಯಿಂದ ತಿಕ್ಕುವುದು ಅವರ ರೂಢಿ. ಬೆರಳು ನೋಯುತ್ತವೆಂದು ಈಚೆಗೆ ಬಿಟ್ಟಿದ್ದರು.

"ಕಪ್ಪು ಹೋದ್ರ ಬಸವಣ್ಣ ಕಾಣ್ತಾನ. ನೀನ ತಿಕ್ಕಿ ಕೊಡು ತಂಗಿ" ಎಂದು ನನಗೆ ಹೇಳಿದರು.

ಹತ್ತನೆಯ ತರಗತಿಯ ಮಗಳು ನಡುವೆ ಬಂದಳು. "ತಿಕ್ಕೂದು ಬ್ಯಾಡ ಆಯಿ. ಬೆಳ್ಳಿ ಪರಮಾಣುವಿನ ಹೊರಗಿನ ಸುತ್ತಿನ್ಯಾಗ ಒಂದ ಎಲೆಕ್ಟ್ರಾನ್ ಇರತೈತಿ. ಗಾಳ್ಯಾಗಿನ ಗಂಧಕಕ್ಕ ಎರಡು ಬೇಕು. ಎರಡು ಬೆಳ್ಳಿ ಕೂಡಿ ಒಂದು ಗಂಧಕಕ್ಕ ಕೊಡತಾವ. ಅದ ಈ ಕಪ್ಪು."

"ಕೊಡೂದು ಛಲೋನ ಅಲ್ಲೇನ. ಕೊಟ್ಟಾಕಿ ಮಾರಿ ಯಾಕ ಕಪ್ಪಾಗಬೇಕು?" ಎಂದರು ಅತ್ತೆ.

ಕಾನ್ವೆಂಟಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಬರೆಯುತ್ತಿದ್ದ ವೃತ್ತಗಳು ನನಗೆ ನೆನಪಾದವು. ಅಂಚಿನ ಎಲೆಕ್ಟ್ರಾನಿಗೆ ಬಣ್ಣದ ಸೀಮೆಸುಣ್ಣ. ಪರೀಕ್ಷೆ ಮುಗಿದ ಮೇಲೆ ಅವು ಮನೆಯೊಳಗೆ ಬಂದಿರಲೇ ಇಲ್ಲ.

ಮಗಳು ಹೇಳಿದಂತೆ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿವ ನೀರು, ಸೋಡಾಪುಡಿ ಹಾಕಿ ಕರಡಿಗೆ ಮುಳುಗಿಸಿದೆವು. ಅತ್ತೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತರು.

"ಏನಿದು, ತತ್ತಿ ನಾತ? ಮನಿ ಕೆಡಿಸೀರಿ."

"ಗಂಧಕ ಬಿಡಾಕತ್ತೈತಿ ಆಯಿ. ಅಲ್ಯೂಮಿನಿಯಂ ತನ್ನ ಎಲೆಕ್ಟ್ರಾನ್ ಲಗೂನ ಕೊಡತೈತಿ. ಬೆಳ್ಳಿಗೆ ತನ್ನದು ತಿರುಗಿ ಸಿಗತೈತಿ."

ಕಪ್ಪು ಹೋಯಿತು. ಮುಚ್ಚಳ ಬೆಳ್ಳಗೆ, ನುಣ್ಣಗೆ ಹೊಳೆಯಿತು. ಕೊಂಬಿನ ತುದಿಯಂಥ ಒಂದು ಗೆರೆ ಬಿಟ್ಟರೆ ಏನೂ ಇರಲಿಲ್ಲ. ಅತ್ತೆ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

"ಬಸವಣ್ಣ ಎಲ್ಲಿ?"

ಮಗಳು ನನ್ನ ಮುಖ ನೋಡಿದಳು. ಹೇಳಬೇಕಾದವಳು ನಾನೇ. "ಆ ಕಪ್ಪಿನ್ಯಾಗೂ ಬೆಳ್ಳಿ ಇತ್ತರಿ ಅತ್ತಿ. ತಿಕ್ಕಿದಾಗೊಮ್ಮೆ ಅರಿವಿ ಜೋಡಿ ಹೋಗೇತಿ."

"ಇಷ್ಟು ವರ್ಷದ್ದು?"

"ಹೂಂರಿ."

"ಈ ನೀರಾಗ ಬರಂಗಿಲ್ಲೇನು?"

"ಕಪ್ಪಾಗಿ ಅಲ್ಲೇ ಉಳದದ್ದಷ್ಟ ಬೆಳ್ಳಿ ಆಗತೈತ್ರಿ. ಹೋದದ್ದು ಬರಂಗಿಲ್ಲ."

ಅವರು ಲಿಂಗವನ್ನು ಒಳಗಿಟ್ಟು ಮುಚ್ಚಳ ಹಾಕಿದರು. ಭಕ್ತಿಯಿಂದ ತಿಕ್ಕಿದ ಕೈಗೆ ಯಾರು ಏನು ಹೇಳಬೇಕು?

ಉಳವಿಯಲ್ಲಿ ಮೊಮ್ಮಗಳ ಕೊರಳಿಗೆ ಬೇರೊಂದು ಹೊಸ ಕರಡಿಗೆ ತರೋಣವೆಂದರೆ ಒಪ್ಪಲಿಲ್ಲ. ತಮ್ಮದನ್ನೇ ಹಾಕಿ, ದಾರ ಸರಿಮಾಡುತ್ತಾ ಹೇಳಿದರು: "ಕಪ್ಪಾದ್ರ ಆಗಲಿ, ತಿಕ್ಕಬ್ಯಾಡವಾ. ನಮ್ಮವ್ವ ಇದನ್ನ ತಿಕ್ಕತಿದ್ದಿಲ್ಲ. ಮೈಗಳ್ಳಿ ಅಂತ ನಾನ ಆಡಿಕೋತಿದ್ದೆ."