ನೀರು ಕುಡಿದ ನೆಲ

ನನ್ನ ಗಂಡ ಮೊದಲ ಸಲ ಬಿದ್ದದ್ದು ನಾಸಿಕದಲ್ಲಿ, ಮಗನ ಫ್ಲ್ಯಾಟಿನ ಒಣ ನೆಲದ ಮೇಲೆ. ಹೊಳೆಯುವ ಬಿಳಿ ಟೈಲ್ಸು. ಮುಖ ಕಾಣುತ್ತದೆ ಎಂದು ಸೊಸೆಗೆ ಅದರ ಮೇಲೆ ಹೆಮ್ಮೆ. ಬಲಗಡೆಯ ಸೊಂಟದ ಮೂಳೆ ಮುರಿಯಿತು, ರಾಡು ಹಾಕಿದರು. ವಾಕರ್ ಹಿಡಿದು ಓಡಾಡುವಂತಾದಾಗ ಡಾಕ್ಟರು ಹೇಳಿದ್ದು ಒಂದೇ ಮಾತು. ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲ; ಈ ಹೃದಯ ಇನ್ನೊಂದು ಆಪರೇಷನ್ ತಾಳುವುದಿಲ್ಲ.

ಅಷ್ಟರಲ್ಲಿ ಮರೆವೂ ಹತ್ತಿಕೊಂಡಿತ್ತು. ಮೊದಲು ಗುಳಿಗೆ ಮರೆತರು, ಆಮೇಲೆ ಸೊಸೆಯನ್ನು, ಆಮೇಲೆ ತಾವು ಯಾವ ಊರಿನಲ್ಲಿದ್ದೇವೆ ಎಂಬುದನ್ನು. ಮರೆಯದೆ ಉಳಿದದ್ದು ಹೋಟೆಲು ಮಾತ್ರ. ಕುಂದಾಪುರದ ಕಡೆಯಿಂದ ಬಂದು ಸಂಭಾಜಿನಗರದಲ್ಲಿ, ವಾಳೂಜಿನ ಕಾರ್ಖಾನೆಗಳ ರಸ್ತೆಯಲ್ಲಿ ನಾವು ಹಾಕಿದ್ದ ಹೋಟೆಲು. ಬೆಳಿಗ್ಗೆ ಇಡ್ಲಿ ವಡೆ, ಮಧ್ಯಾಹ್ನ ಊಟ, ಸಂಜೆ ಮತ್ತೆ ತಿಂಡಿ. ಮಗನಿಗೆ ಅದು ಬೇಡವಾಯಿತು. ನಾಸಿಕದ ಅಂಬಡಿನ ಕಾರ್ಖಾನೆಯೊಂದರಲ್ಲಿ ನೌಕರಿ ಹಿಡಿದ. ಇವರ ಮೊಣಕಾಲು ಕೈಕೊಟ್ಟ ಮೇಲೆ ನಾವು ಹೋಟೆಲು ಬಿಟ್ಟುಕೊಟ್ಟು ಅವನಲ್ಲಿಗೆ ಬಂದೆವು.

ಕಾರ್ಕಿನ ನೆಲದ ವಿಷಯ ತಂದವನು ಮಗನೇ. ಸಾಹೇಬರ ಮನೆಯಲ್ಲಿ ನೋಡಿ ಬಂದಿದ್ದ.

"ಅಮ್ಮಾ, ಮರದ ತೊಗಟೆಯಿಂದ ಮಾಡುದ್. ಮೆತ್ತಗೆ. ಅಪ್ಪಯ್ಯನ ಕೋಣೆಗೆ ಹಾಕ್ಸುವ."

"ಬಾಟ್ಲಿ ಬಾಯಿಗೆ ಹಾಕೋ ಬೂಚ್ ಅಲ್ದಾ ಅದ್? ನಿನ್ನ ಅಪ್ಪಯ್ಯನ್ನ ಬಾಟ್ಲಿ ಒಳಗೆ ಇಡ್ತ್ಯಾ?"

"ತಮಾಷಿ ಸಾಕ್. ಕಾಲು ಜಾರ್ತಿಲ್ಲೆ. ಬಿದ್ರೂ ಪೆಟ್ಟು ಕಮ್ಮಿ."

ನಾನು ಒಪ್ಪಿದೆ. ಅವರು ತಮ್ಮ ಕಾಲ ಮೇಲೆ ಇರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಊರು ಮರೆಯಲಿ, ನನ್ನನ್ನೂ ಮರೆಯಲಿ. ನಿಂತ ಮನುಷ್ಯನನ್ನು ಹೇಗೋ ಸಂಭಾಳಿಸಬಹುದು. ಮಲಗಿದನೆಂದರೆ ಮುಗಿಯಿತು.

ಕಾರ್ಕಿನ ಹಲಗೆ ತುಂಬಿದ ಪೆಟ್ಟಿಗೆಗಳು ಬಂದು ಕೋಣೆಯಲ್ಲಿ ಸುಮ್ಮನೆ ಕೂತವು. ಮನೆಯ ಹವೆಗೆ ಹೊಂದಿಕೊಂಡ ಮೇಲೆಯೇ ಹಾಸುವುದಂತೆ. ನಾನು ಬಂದು ಇಷ್ಟು ವರ್ಷವಾದರೂ ಹೊಂದಿಕೊಂಡಿಲ್ಲ, ಈ ಹಲಗೆಗೆ ಎರಡು ದಿನ ಸಾಕಂತೆ ಎಂದೆ. ಸೊಸೆ ಮುಖ ಊದಿಸಿಕೊಂಡಳು. ಪೆಟ್ಟಿಗೆಯ ಮೇಲೆ ಒಂದು ಬಕೆಟ್ಟಿನ ಚಿತ್ರ, ಅದರ ಮೇಲೆ ಅಡ್ಡಡ್ಡ ಗೀಟು. ಅಷ್ಟು ಓದು ನನಗೂ ಬರುತ್ತದೆ.

ಹಾಸುವವನು ಮರಾಠಿಯವನು. ಹಳೆಯ ಟೈಲ್ಸಿನ ಮೇಲೆಯೇ ತೆಳ್ಳಗಿನ ಹಾಳೆ ಹರಡಿ, ಒಂದು ಹಲಗೆಯ ನಾಲಿಗೆಯನ್ನು ಇನ್ನೊಂದರ ಸಂದಿಗೆ ಸಿಕ್ಕಿಸಿ, ರಬ್ಬರಿನ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟುತ್ತ ಹೋದ. ನನ್ನ ಗಂಡ ಬಾಗಿಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರ ಮಟ್ಟಿಗೆ ಅದು ಹೋಟೆಲಿನ ರಿಪೇರಿ.

"ಹ್ವಾಯ್, ಬಾಗ್ಲ ಬದಿಗೆ ಇಳಿಜಾರ್ ಕೊಡ್! ಇಳಿಜಾರ್ ಇಲ್ದೆ ನೀರ್ ಹ್ಯಾಂಗೆ ಹೋತ್ತ್?"

"ಆಜೋಬಾ ಕಾಯ್ ಮ್ಹಣತಾತ್?" ಅಜ್ಜ ಏನು ಹೇಳುತ್ತಾರೆ ಎಂದು ಅವನು ಕೇಳಿದ.

"ಕಾಹೀ ನಾಹೀ," ಎಂದ ಮಗ. ಏನೂ ಇಲ್ಲ.

ಹೊರಡುವಾಗ ಹಾಸುವವನು ನನ್ನ ಕಡೆ ತಿರುಗಿ, "ಆಜಿ, ಹ್ಯಾಲಾ ಪಾಣಿ ನಕೋ," ಎಂದ. ನೀರು ಹಾಕಬೇಡಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ ಸಾಕು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಾಯಿತು, ಒಬ್ಬರನ್ನು ಬಿಟ್ಟು.

ನೆಲ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಬರಿಗಾಲಿಗೆ ಬೆಚ್ಚಗೆ. ನಡೆದರೆ ಸದ್ದಿಲ್ಲ. ಅವರು ಮೊದಲು ಅನುಮಾನದಿಂದ ಹೆಬ್ಬೆರಳು ಊರಿ ನೋಡಿದರು. ಆಮೇಲೆ ವಾಕರನ್ನು ಗೋಡೆಗೆ ಒರಗಿಸಿ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ನಡೆದರು. ಕಾಲೇಜಿಗೆ ಹೋಗುವ ಮೊಮ್ಮಗಳು ಚಪ್ಪಾಳೆ ತಟ್ಟಿದಳು. "ಅಜ್ಜ ಏಕ್‌ದಮ್ ಮಸ್ತ್!" ನನಗೂ ಆಸೆ ಹುಟ್ಟಿತು. ಈ ವಯಸ್ಸಿನಲ್ಲಿ ಆಸೆ ಹುಟ್ಟಬಾರದು.

ನಮ್ಮ ಹೋಟೆಲಿನವರಿಗೆ ಒಂದು ಪದ್ಧತಿ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಶಟರು ಅರ್ಧ ಇಳಿಸಿ, ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು, ಒಳಗಿನಿಂದ ಹೊರಗಿನವರೆಗೆ ನೀರು ಹೊಯ್ದು ತೆಂಗಿನ ಕಡ್ಡಿಯ ಹಿಡಿಸೂಡಿಯಿಂದ ಎಳೆಯುವುದು. ಎಷ್ಟು ಮಂದಿ ಕೆಲಸದವರಿದ್ದರೂ ಆ ಕೆಲಸ ಇವರದೇ. ಬೇರೆಯವರು ತೊಳೆದರೆ ಎಣ್ಣೆಯ ಪಸೆ ಹೋಗುವುದಿಲ್ಲ ಎಂಬ ಹಟ.

ಆ ದಿನ ಮಧ್ಯಾಹ್ನ ನಾನು ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ. ಮೊಮ್ಮಗಳು ಮನೆಯಲ್ಲಿದ್ದಳು. ನಾನು ಬಂದಾಗ ಅವಳು ಹೊರಬಾಗಿಲಿನಲ್ಲೇ ನಿಂತಿದ್ದಳು, ಅಳು ಬರುವ ಮುಖ.

"ಅಜ್ಜಿ, ನಾನು ಹೇಳ್ದೆ, ಪಾಣಿ ನಕೋ ಅಂತ. ಅವ್ರು ನಂಗೆ ಬೈದ್ರು. ಕುರ್ಚಿ ಉಠಾ ಅಂದ್ರು. ಮೈಂ ಕ್ಯಾ ಕರೂ?" ತಾನೇನು ಮಾಡಲಿ ಎಂದು ನನ್ನನ್ನೇ ಕೇಳಿದಳು.

ಒಳಗೆ ಹೋದೆ. ಪ್ಲಾಸ್ಟಿಕ್ ಕುರ್ಚಿಗಳು ಮಂಚದ ಮೇಲೆ ತಲೆಕೆಳಗಾಗಿ ಕೂತಿದ್ದವು. ಬಚ್ಚಲಿನ ಬಕೆಟ್ಟು ನಡುವೆ. ಪಂಚೆಯನ್ನು ಮೊಣಕಾಲಿನ ಮೇಲೆ ಕಟ್ಟಿಕೊಂಡು, ಬಾಲ್ಕನಿಯ ಹಿಡಿಸೂಡಿ ಹಿಡಿದು, ನನ್ನ ಗಂಡ ನೀರು ಎಳೆಯುತ್ತಿದ್ದರು. ಪಾದ ಅಗಲಿಸಿ, ಬೆರಳು ಒತ್ತಿ ಊರಿದ್ದರು, ಒದ್ದೆ ನೆಲದಲ್ಲಿ ನಿಲ್ಲುವುದು ಹಾಗೆಯೇ. ಅಷ್ಟು ವರ್ಷ ಆ ಹೋಟೆಲಿನಲ್ಲಿ ಅವರು ಒಮ್ಮೆಯೂ ಜಾರಿದವರಲ್ಲ.

"ಎಂತ ಕಾಣ್ತಾ ನಿಂತಿದ್ದೆ?" ಎಂದು ನನ್ನನ್ನು ಗದರಿದರು. "ಗಿರಾಕಿ ಬಪ್ಪು ಹೊತ್ತಾಯ್ತ್. ನೀರ್ ಹೋತಿಲ್ಲೆ ಕಾಣ್. ಇಳಿಜಾರ್ ಕೊಡ್ ಅಂದಿದ್ದೆ ಆ ಮೇಸ್ತ್ರಿಗೆ."

"ಸಾಕ್, ಬನ್ನಿ. ನೆಲ ಚೊಕ್ಕ ಆಯ್ತ್."

"ನಿಂಗೆ ಎಂತ ಗೊತ್ತಿತ್ತ್?" ಎಂದು ನಕ್ಕರು. ಅವರು ನಕ್ಕು ವರ್ಷವಾಗಿತ್ತು. ನಾನು ತೋಳು ಹಿಡಿದು ಮಂಚಕ್ಕೆ ಕರೆತಂದೆ. ಮೊಮ್ಮಗಳೂ ನಾನೂ ಮನೆಯ ಟವೆಲು, ಹಳೆ ಸೀರೆ, ಸಿಕ್ಕಿದ್ದೆಲ್ಲ ಹಾಕಿ ನೀರು ಹೀರಿಸಿದೆವು. ಹೋಗುವ ದಾರಿಯಿಲ್ಲದ ನೀರು ಸಂದಿಗಳಲ್ಲಿ ಆಗಲೇ ಇಳಿದಿತ್ತು.

ಸಂಜೆ ಮಗ ಬಂದವನು ಮೊದಲು ಮಗಳಿಗೆ ಬೈದ, ಆಮೇಲೆ ನನಗೆ, ಆಮೇಲೆ ಗೋಡೆಗೆ. ಅಪ್ಪನಿಗೆ ಬೈಯಲಿಲ್ಲ. ಫ್ಯಾನು ಹಾಕಿಯೇ ಇಟ್ಟೆವು. ಮೇಲಿನ ತೊಗಟೆಗೆ ಏನೂ ಆಗಲಿಲ್ಲ. ಅದರ ಒಳಗಿನ, ಮರದ ಪುಡಿ ಒತ್ತಿ ಮಾಡಿದ ಹಲಗೆ ನೀರು ಕುಡಿದು ಉಬ್ಬಿತು. ಸಂದು ಸಂದಿನಲ್ಲೂ ಅಂಚು ಎದ್ದು ನಿಂತಿತು. ಹಾಸಿದವನು ಬಂದು ನೋಡಿ ತಲೆಯಾಡಿಸಿದ. ಅದೇ ಬಣ್ಣದ ಹಲಗೆ ಮುಂಬಯಿಯಿಂದ ಬರಬೇಕು, ಅಲ್ಲಿಯವರೆಗೆ ಟೇಪು ಅಂಟಿಸಿರಿ ಎಂದ. ಅವರನ್ನು ಹಾಲ್‌ನಲ್ಲಿ ಮಲಗಿಸೋಣ ಎಂದರೆ ಅಲ್ಲಿ ಅದೇ ಜಾರುವ ಟೈಲ್ಸು. ಇಲ್ಲೇ ಇರಲಿ, ನಾನು ಹಿಡಿದುಕೊಂಡೇ ಕರೆದೊಯ್ಯುತ್ತೇನೆ ಎಂದೆ.

ಹಿಡಿದುಕೊಂಡೇ ಇದ್ದೆ. ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಅವರ ಹೆಬ್ಬೆರಳು ಎದ್ದ ಅಂಚಿಗೆ ಸಿಕ್ಕಿತು. ಅಂಗಿಯ ಬೆನ್ನು ನನ್ನ ಮುಷ್ಟಿಯಲ್ಲಿತ್ತು. ಬಟ್ಟೆ ಹರಿಯಿತು. ಬಿದ್ದದ್ದು ಮೆತ್ತಗಿನ ತೊಗಟೆಯ ಮೇಲೂ ಅಲ್ಲ, ಬಚ್ಚಲಿನ ಕಲ್ಲಿನ ಹೊಸ್ತಿಲ ಮೇಲೆ. ಎಡ ಸೊಂಟ. ಆ ಸದ್ದು ನಾನು ಮೊದಲೊಮ್ಮೆ ಕೇಳಿದ್ದೆ, ಕೇಳಿದ ಕೂಡಲೇ ತಿಳಿಯಿತು.

ಡಾಕ್ಟರು ಮೊದಲೇ ಹೇಳಿದ್ದನ್ನು ಮತ್ತೆ ಹೇಳಿ ಮನೆಗೆ ಕಳಿಸಿದರು. ಆಪರೇಷನ್ ಇಲ್ಲ. ಮಲಗಿಸಿಡಿ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿರಿ. ಈಗ ಆಸ್ಪತ್ರೆಯ ಮಾದರಿಯ ಮಂಚ ತಂದು ಹಾಲ್‌ನಲ್ಲಿ ಹಾಕಿದ್ದೇವೆ. ಯಾರನ್ನು ಬೈಯಲಿ? ಮಗ ಒಳ್ಳೆಯದಕ್ಕೇ ಮಾಡಿದ. ಹುಡುಗಿ ತಡೆದಳು. ಅವರು ತಮ್ಮ ಕೆಲಸ ಮಾಡಿದರು. ದೇವರ ಹೆಸರು ಎತ್ತುವ ಅಭ್ಯಾಸ ನನಗೆ ಹೋಗಿದೆ.

ಮೊನ್ನೆ ಹಾಸುವವನ ಫೋನು. ಹಲಗೆ ಬಂದಿದೆ, ಯಾವಾಗ ಬರಲಿ? ಸೊಸೆ ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಮುಖ ನೋಡಿದಳು. ನಾನು ಬೇಡವೆಂದು ಕೈ ಆಡಿಸಿದೆ. ಅವಳು ಫೋನನ್ನು ಕಿವಿಗೆ ಇಟ್ಟುಕೊಂಡು ಒಳಗೆ ಹೋದಳು.

ಬಿದ್ದದ್ದು ಅವರಿಗೆ ನೆನಪಿಲ್ಲ. ಮಲಗಿಯೇ ಇರಬೇಕೆಂದು ಹೇಳಿದ್ದೂ ನೆನಪಿಲ್ಲ. ಎಚ್ಚರವಾದಾಗಲೆಲ್ಲ ಕೈ ಚಾಚುತ್ತಾರೆ. "ಏಳ್ಸ್ ಕಾಂಬ," ಎನ್ನುತ್ತಾರೆ. "ಹೊತ್ತಾಯ್ತ್." ನಾಳೆ ಏಳಿಸುತ್ತೇನೆ ಎನ್ನುತ್ತೇನೆ. ನಂಬುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಆ ಮಾತೂ ಮರೆತು, ಮತ್ತೆ ಕೈ ಚಾಚುತ್ತಾರೆ.